ತಟ್ಟೆ ಕೆಳಗಿನ ಹರಾಜು

ದೊರೆಸಾನಿಯ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದ ದಿನ ನಾನು ಹಸಿ ಸೌದೆಯ ಒಲೆ ಊದುತ್ತಾ ಕಣ್ಣೀರು ಸುರಿಸುತ್ತಿದ್ದೆ. ಅರವತ್ತೈದನೇ ಇಸವಿ. ನಮ್ಮ ಯಜಮಾನರು ಪುಟ್ಟಸಿದ್ದಯ್ಯನವರು (ಗಂಡನ ಹೆಸರು ಬರೀಬಾರದು ಅಂತಾರೆ, ಅವರು ತೀರಿಕೊಂಡು ಹನ್ನೊಂದು ವರ್ಷವಾಯ್ತು, ಬೇಜಾರು ಮಾಡ್ಕೊಳ್ಳಲ್ಲ ಬಿಡಿ) ಯಳಂದೂರಿನ ಬಂಗ್ಲೆಯಲ್ಲಿ ಮೇಟಿ. ಅಂದರೆ ಬಂದ ಸಾಹೇಬರಿಗೆ ಅಡಿಗೆ ಮಾಡಿ ಬಡಿಸುವವರು. ಅದು ಕಾಗದದ ಮೇಲೆ. ನಿಜದಲ್ಲಿ ಅಡಿಗೆ ನನ್ನದು, ಬಡಿಸೋದು ಅವರದು, ಭೇಷ್ ಅನ್ನಿಸಿಕೊಳ್ಳೋದೂ ಅವರದೇ.

ಸುದ್ದಿ ತಂದವನು ಸಾಹೇಬರನ್ನು ಕರೆತರುವ ಜೀಪಿನ ಡ್ರೈವರ್, ಅಷ್ಟಿಷ್ಟು ಇಂಗ್ಲಿಷ್ ಬಲ್ಲ ಶಿವನಂಜಯ್ಯ. ಯಾವುದೋ ದೇಶದ ದೊರೆಸಾನಿ ಬಿಳಿಗಿರಿರಂಗನ ಬೆಟ್ಟದ ಹೂವಿನ ಚಿತ್ರ ಬರೆಯೋಕೆ ಬರ್ತಾಳೆ, ಐದು ದಿನ ಬಂಗ್ಲೆಯಲ್ಲಿ ಊಟ.

“ಅವರ ದೇಸ್ದಲ್ಲಿ ಉಂಡೆದ್ದ ಮ್ಯಾಲೆ ತಟ್ಟೆ ಕೆಳಗೆ ಟಿಪ್ಸು ಮಡಗ್ತಾರಂತೆ ಕಣಕ್ಕ.”

“ಚಿಪ್ಪಾ? ಅದ ನಮ್ ಸಾಯೇಬ್ರುಗಳೂ ನಮ್ ಕೈಗೆ ಕೊಟ್ಟೇ ಓಗದು.”

“ಚಿಪ್ಪಲ್ಲ ಕಣಕ್ಕ, ಟಿಪ್ಸು. ಅಡ್ಗೆ ಮಾಡ್ದೋರ್ಗೆ ಇನಾಮು.”

ಅಡಿಗೆ ಮಾಡಿದವರಿಗೆ ಅಂದನಲ್ಲ, ಆ ಕ್ಷಣವೇ ಕೊಳ್ಳೇಗಾಲದ ಅಂಗಡಿಯ ಹಿತ್ತಾಳೆ ಪಂಪ್ ಸ್ಟೌ ಹೊಗೆಯ ನಡುವೆ ನನಗೆ ಪ್ರತ್ಯಕ್ಷವಾಯಿತು. ಬೆಲೆ ಇಪ್ಪತ್ತು ರೂಪಾಯಿ. ಅದೊಂದು ಬಂದರೆ ನನ್ನ ಕಣ್ಣಿಗೆ ಮೋಕ್ಷ.

ದೊರೆಸಾನಿ ಬಂದ ಸೋಮವಾರ ಮುದ್ದೆ ಉಪ್ಸಾರು ಕಳಿಸಿದೆ. ಯಜಮಾನರು ಏದುಸಿರು ಬಿಡುತ್ತಾ ಬಂದರು.

“ತಟ್ಟೆ ಕೆಳ್ಗೆ ಒಂದ್ ರೂಪಾಯಿ ಮರ್ತ್ ಬುಟ್ಟಿದ್ಲು ಕಣಮ್ಮಿ. ಜೀಪಿನ್ ಹಿಂದೆ ಓಡಿ ಕೊಟ್ ಬಂದೆ.”

“ಅದು ಮರ್ತಿದ್ದಲ್ಲ ಕಣಿ, ಮಡಗಿದ್ದು. ನನ್ ಸಾರಿಗೆ ಅಂತ.”

“ಉಂಡೋರ್ತಾವ್ ಕಾಸ್ ಈಸ್ಕಳಕೆ ನಾನೇನ್ ಓಟ್ಲು ಮಡಗಿದ್ದನಾ?”

ಮಂಗಳವಾರ ತಟ್ಟೆ ಕೆಳಗೆ ಎರಡು ರೂಪಾಯಿ. ಓಡಿದರು. ಬುಧವಾರ ಐದು. ಮತ್ತೆ ಓಡಿದರು. ಆಗ ನನಗೆ ಜ್ಞಾನೋದಯವಾಯಿತು. ಕೊಟ್ಟದ್ದು ಸಾಲದು ಅಂತ ಇವರು ತಿರುಗಿಸುತ್ತಾರೆ ಅಂದುಕೊಂಡು ಆಕೆ ಹರಾಜು ಏರಿಸುತ್ತಿದ್ದಾಳೆ. ನಮ್ಮ ಸತ್ಯವಂತರ ಓಟಕ್ಕೆ ಇಷ್ಟು ಬೆಲೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವತ್ತು ಅವರ ಮುದ್ದೆಗೆ ತುಪ್ಪ ಬಿತ್ತು.

“ನೀವ್ ಮಾಡದೇ ಸರಿ. ನಾಳೀಕೂ ಬಿರ್ರನೆ ಓಡಿ” ಅಂದೆ.

“ಈಗ್ ಬುದ್ಧಿ ಬಂತಾ ನಿಂಗೆ” ಅಂದರು.

ಗುರುವಾರ ಹತ್ತು. ಓಡಿದರು. ಶುಕ್ರವಾರ ಆಕೆ ಹೊರಡುವ ದಿನ, ನನ್ನ ಲೆಕ್ಕದಲ್ಲಿ ಇಪ್ಪತ್ತು. ಅವತ್ತು ಮಾತ್ರ ಯಾರೂ ಓಡಕೂಡದು. ಯಜಮಾನರನ್ನು ಕರಿಬೇವು ತರೋಕೆ ಊರಾಚೆಯ ತೋಟಕ್ಕೆ ಅಟ್ಟಿ, ಕರಿಬೇವು ಇಲ್ಲದೆಯೇ ಕೋಳಿ ಸಾರು ಮಾಡಿ, ನಾನೇ ಬಡಿಸಿದೆ. ಆಕೆ ಕೈ ತೊಳೆಯಲು ಎದ್ದಳು. ತಟ್ಟೆ ಎತ್ತಿದೆ. ಕೆಳಗೆ ಮೇಜಿತ್ತು. ಮೇಜಷ್ಟೇ ಇತ್ತು.

ತಿರುಗಿ ನೋಡಿದರೆ ದೊರೆಸಾನಿ ಕೊರಳ ಬಟ್ಟೆಯನ್ನು ಸೆರಗಿನ ಹಾಗೆ ಒಡ್ಡಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಶಿವನಂಜಯ್ಯ.

“ದಿನಾ ಯಾಕೆ ಕಾಸ್ ತಿರುಗಿಸ್ತಾರೆ ಅಂತ ಕೇಳುದ್ರು ಅಕ್ಕ. ನಮ್ಮಲ್ಲಿ ಉಂಡೋರು ಕಾಸ್ ಕೊಡಲ್ಲ, ಒಂಟೋಗೋ ಎಣ್ಮಗಳ್ಗೆ ಮನೆಯೋರೇ ಎಲೆ ಅಡ್ಕೆ ಮ್ಯಾಲೆ ಕಾಸ್ ಮಡಗಿ ಕೊಡ್ತೀವಿ ಅಂದೆ. ಅದ್ಕೇ ನಿಂತವ್ರೆ.”

ಏನು ಮಾಡಲಿ. ಕುಂಕುಮವಿಟ್ಟೆ. ಎಲೆ ಅಡಿಕೆ, ಒಂದು ರವಿಕೆ ಕಣ (ನಂದೇ, ಯುಗಾದಿಗೆ ಹೊಲಿಸೋಕೆ ಇಟ್ಟಿದ್ದು), ಅದರ ಮೇಲೆ ಮೆಣಸಿನ ಡಬ್ಬಿಯಲ್ಲಿದ್ದ ಒಂದೇ ಒಂದು ರೂಪಾಯಿ. ಅಷ್ಟರಲ್ಲಿ ಯಜಮಾನರು ಕರಿಬೇವಿನ ಕಟ್ಟು ಹಿಡಿದು ಬಂದವರು, ನನ್ನನ್ನು ನೋಡಿ ಹೆಮ್ಮೆಯಿಂದ ಮೀಸೆ ನೀವಿಕೊಂಡರು.

ಜೀಪು ಹೊರಟಿತು. ಗೇಟಿನ ಹತ್ತಿರ ಹೋಗಿ ನಿಂತಿತು. ದೊರೆಸಾನಿ ಇಳಿದು, ನನ್ನ ರೂಪಾಯಿ ಹಿಡಿದುಕೊಂಡು, ಥೇಟ್ ನಮ್ಮ ಯಜಮಾನರ ಹಾಗೇ ಓಡಿ ಬಂದು, ಏದುಸಿರಲ್ಲಿ ಏನೋ ಕೇಳಿದಳು. ಹಿಂದೆಯೇ ಬಂದ ಶಿವನಂಜಯ್ಯ ತಲೆ ಕೆರೆದುಕೊಂಡ.

“ಇದ್ನ ಈಗ ನಾನು ವಾಪಸ್ ಕೊಟ್ರೆ ನೀವು ಎರಡು ರೂಪಾಯಿ ಮಡಗ್ಬೇಕು ಅಲ್ವಾ, ಅದೂ ಪದ್ಧತೀನೇ ತಾನೆ ಅಂತ ಕೇಳ್ತಾವ್ರೆ ಅಕ್ಕ.”