ನೀರು ಕೊಟ್ಟ ಮುದುಕಿಯ ಬಡ್ತಿ

ಅಡಗೂಲಜ್ಜಿ ಕಥೆಗಳಲ್ಲಿ ಬಂದುಹೋಗುವ ಚಿಲ್ಲರೆ ಪಾತ್ರಗಳಿಗೂ ಸ್ವಂತ ಕಥೆ ಸಿಗತಕ್ಕದ್ದೆಂದು ಸರ್ಕಾರ ಆದೇಶಿಸಿ, ಅದಕ್ಕೊಂದು ಕಚೇರಿಯನ್ನೂ ಕಚೇರಿಗೊಂದು ಫ್ಯಾನನ್ನೂ ಮಂಜೂರು ಮಾಡಿತ್ತು. ಫ್ಯಾನು ಅಧಿಕಾರಿಯ ಕಡೆಗೇ ತಿರುಗುತ್ತಿತ್ತು.

ದರ್ಜಿ ಬಂದು ನಿಂತ. ಹೆಂಡತಿ ಹೋದಮೇಲೆ ಇದು ಮೊದಲ ಬೇಸಿಗೆ. ಅವಳು ಮೊಮ್ಮಗಳಿಗೆ ಹೇಳುತ್ತಿದ್ದುದು ಒಂದೇ ಕಥೆ. ರಾಕ್ಷಸನನ್ನು ಕೊಲ್ಲಲು ಹೊರಟ ರಾಜಕುಮಾರನಿಗೆ ಬಾವಿಕಟ್ಟೆಯ ಮುದುಕಿ ನೀರು ಕೊಡುತ್ತಾಳೆ. ಹೇಳುವಾಗ ಹೆಂಡತಿ ತನ್ನ ಕೆಮ್ಮನ್ನೇ ಆ ಮುದುಕಿಗೂ ಕೊಟ್ಟಿದ್ದಳು. “ಆಮೇಲೆ ಮುದುಕಿ ಏನಾದ್ಲು?” ಅಂದರೆ “ನಾಳೆ ಹೇಳ್ತೀನಿ” ಅನ್ನುವಳು. ಹೇಳದೆ ಹೋದಳು. ಮಗು ಈಗ ತಾತನ ತಲೆ ತಿನ್ನುತ್ತಿತ್ತು; ಅದಕ್ಕೇ ಮುದುಕಿಗೊಂದು ಕಥೆ ಬೇಕೆಂದು ಅವನ ಅರ್ಜಿ.

“ಮುದುಕಿ ಯಾಕೆ? ಸುದ್ದಿ ತರೋ ಕಪ್ಪೆ ಕಥೆ ಇದೆ, ಯಾರೂ ಕೇಳಿಲ್ಲ, ಬೇಗ ಆಗುತ್ತೆ,” ಅಂದ ಅಧಿಕಾರಿ.

“ಕಪ್ಪೆ ನಮಗೇನೂ ಆಗಬೇಕಿಲ್ಲ ಸ್ವಾಮಿ.”

ಸಂಬಂಧಪಟ್ಟ ಪಾತ್ರಗಳ ಒಪ್ಪಿಗೆ ಕೇಳಲಾಯಿತು. ಯಾರ ಕಥೆಯಾದರೂ ಸಾಯುವವನು ತಾನೇ ಎಂದು ರಾಕ್ಷಸ ಕೂಡಲೇ ಒಪ್ಪಿದ. ರಾಜಕುಮಾರ ತಕರಾರು ತೆಗೆದ: ತನಗೆ ನೀರು ಕೊಡುವವರಾರು?

“ನಿಯಮ ಇದೆ,” ಅಂದ ಅಧಿಕಾರಿ. “ಖಾಲಿ ಬಿದ್ದ ಜಾಗಕ್ಕೆ ಅರ್ಜಿ ಹಾಕಿದವರೇ ಕೂರಬೇಕು.”

“ಅವಳು ಕೂತಿದ್ದ ಕಟ್ಟೇನೇನಾ?”

“ಅದೇ ಕಟ್ಟೆ, ಅದೇ ಬಿಂದಿಗೆ. ಊಟ ನಿಮ್ಮದು.”

“ಅವಳು ಸಿಗ್ತಾಳಾ?”

“ಅವರ ಕಥೆ ಬೇರೆ ಆಯ್ತಲ್ಲ. ಅದರಲ್ಲಿ ನೀವಿಲ್ಲ.”

ದರ್ಜಿ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಅಲ್ಲಿ ಚೆನ್ನಾಗಿರ್ತಾಳಾ?”

“ರಾಜಕುಮಾರನ ಕುದುರೆ ಅವರಿಗೇ ಮಂಜೂರಾಗಿದೆ.”

ದರ್ಜಿ ಹೆಬ್ಬೆಟ್ಟು ಒತ್ತಿದ.

ಅವನು ಬಾವಿಕಟ್ಟೆಯಲ್ಲಿ ಕೂತು ಸ್ವಲ್ಪ ದಿನಕ್ಕೆ ಒಂದು ಕಪ್ಪೆ ಕುಪ್ಪಳಿಸಿ ಬಂದು ಪಕ್ಕದಲ್ಲಿ ಕೂತಿತು.

“ತಾತ, ನಾನೇ. ಕಪ್ಪೆ ಕಥೆಗೆ ಅರ್ಜಿ ಹಾಕ್ದೆ. ಅದರ ಜಾಗ ನನಗೆ ಬಂತು.”

“ಸ್ಕೂಲು?”

“ರಜೆ ಕೊಟ್ಟಿದಾರೆ. ಅಜ್ಜೀನ ನೋಡ್ಕೊಂಡು ಬಂದೆ. ಕುದುರೆ ಮೇಲೆ ಕೂತ್ಮೇಲೆ ಕೆಮ್ಮು ಇಲ್ಲ. ನಿನ್ನ ಊಟ ಆಯ್ತಾ ಅಂತ ಕೇಳಿದ್ಲು.”

“ಆಯ್ತು ಅಂತ ಹೇಳು.” ಆಗಿರಲಿಲ್ಲ.

ಅಷ್ಟರಲ್ಲಿ ರಾಜಕುಮಾರ ಬಂದ, ನಡೆದುಕೊಂಡು. ಬೆವರು ಒರೆಸಿಕೊಂಡ.

“ಈ ಕಪ್ಪೆ ನಿಮಗೇನಾಗಬೇಕು ತಾತ?”

“ಮಗಳ ಮಗಳು.”

“ಹೌದಾ,” ಅಂದು ರಾಜಕುಮಾರ ನೀರಿಗೆ ಬೊಗಸೆ ಒಡ್ಡಿದ.