ಹತ್ತು ಗಂಟೆಗೆ ಮುಂಚಿನ ಹದಿನೇಳು ಮಾಲೀಕರು

ಓರೆಬ್ರೂ ಎಂಬ ಸ್ವೀಡಿಷ್ ನಗರದ ಒಂದು ವಸತಿ ಸಂಘದ ನಿಯಮಾವಳಿಯ ಪ್ರಕಾರ, ಬೆಳಗ್ಗೆ ಹತ್ತು ಗಂಟೆಗೆ ಮುಂಚೆ ಹತ್ತು ಗಂಟೆ ಆಗತಕ್ಕದ್ದಲ್ಲ. ಗಂಗಾಧರ ಇದನ್ನು ಎರಡು ಸಲ ಓದಿ ಖಚಿತಪಡಿಸಿಕೊಂಡು, ಗ್ಯಾರೇಜಿನ ಬಾಗಿಲಿಗೆ ಪ್ರಕಟಣೆ ಅಂಟಿಸಿದ: "ಶನಿವಾರ ಹತ್ತಕ್ಕೆ ಲೊಪ್ಪಿಸ್. ಹಳೇ ಸಾಮಾನುಗಳ ಮಾರಾಟ. ಬೇಗ ಬರುವವರಿಗೆ ಪ್ರವೇಶವಿಲ್ಲ."

ಹೆಂಡತಿ ಗೀತಾಳಿಗೆ ಕಾರ್ಲ್‌ಸ್ಟಾಡ್‌ನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ, ಇಬ್ಬರೂ ಅಲ್ಲಿನ ಪುಟ್ಟ ಫ್ಲಾಟಿಗೆ ಹೊರಟಿದ್ದರು. ಸೋಫಾ, ಸ್ಕೀ, ಮಿಕ್ಸಿ ಎಲ್ಲ ಹೋದರೂ ಅವಳಿಗೆ ಚಿಂತೆಯಿರಲಿಲ್ಲ. ಅಜ್ಜಿ ಕೊಟ್ಟ ಹಿತ್ತಾಳೆ ಕಾಫಿ ಫಿಲ್ಟರ್ ಒಂದು ಉಳಿದರೆ ಸಾಕಿತ್ತು. ಅದಕ್ಕೆ 'ಮಾರಾಟಕ್ಕಿಲ್ಲ' ಎಂದು ಚೀಟಿ ಅಂಟಿಸಿ ಅಡುಗೆಮನೆಯಲ್ಲಿ ಇಟ್ಟಿದ್ದಳು.

ಶನಿವಾರ ಏಳು ಗಂಟೆಗೇ ಬೆಲ್ ಆಯಿತು. ಯೋರಾನ್ ಎಂಬ ನಿವೃತ್ತ ಮೇಷ್ಟ್ರು, ಕೈಯಲ್ಲಿ ಟಾರ್ಚು, ಬೆನ್ನಿಗೆ ಖಾಲಿ ಚೀಲ.

"ಮಾರಾಟ ಹತ್ತಕ್ಕೆ," ಎಂದ ಗಂಗಾಧರ.

"ಗೊತ್ತು. ಅದಕ್ಕೇ ಏಳಕ್ಕೆ ಬಂದೆ," ಎಂದರು ಯೋರಾನ್.

ಹಿರಿಯರನ್ನು ಹೊರಗೆ ನಿಲ್ಲಿಸಿ ತಾನು ಒಳಗೆ ಕಾಫಿ ಕುಡಿಯುವುದು ಗೀತಾಳಿಂದ ಆಗದ ಕೆಲಸ. ಕರೆದು ಕೂರಿಸಿ, ಲೋಟ ಕೊಟ್ಟು, ಊರಲ್ಲಿ ಹೇಳುವ ಮಾತನ್ನೇ ಸ್ವೀಡಿಷಿನಲ್ಲಿ ಹೇಳಿದಳು: "ಸಂಕೋಚ ಬೇಡ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ಯೋರಾನ್ ಸಂಕೋಚ ಬಿಟ್ಟರು. ಈ ಮಾತು ಊರ್ಜಿತವೇ ಎಂದು ಪಕ್ಕದ ಮನೆಯ ಬಿರ್ಗಿಟ್ಟಾಗೆ ಫೋನ್ ಮಾಡಿ ಕೇಳಿದರು. ವಸತಿ ಸಂಘದ ಅಧ್ಯಕ್ಷೆಯಾದ ಬಿರ್ಗಿಟ್ಟಾ ಫೈಲು ಸಮೇತ ಬಂದರು.

"ನೀವು ಹೀಗೆ ಹೇಳಿದ್ದು ನಿಜವೇ?"

"ಹೇಳಿದೆ. ಆದ್ರೆ ಅದು ಸುಮ್ನೆ ಹೇಳೋ ಮಾತು," ಎಂದಳು ಗೀತಾ.

"ಸುಮ್ಮನೆ ಹೇಳುವ ಮಾತಿಗೆ ನಮ್ಮಲ್ಲಿ ಫಾರಂ ಇಲ್ಲ," ಎಂದು ವಿಷಾದಿಸಿದ ಅಧ್ಯಕ್ಷರು ಯೋರಾನ್ ಅವರನ್ನು ಮಾಲೀಕರೆಂದು ನಮೂದಿಸಿದರು. ಮಾಲೀಕರು ತಮ್ಮ ಮನೆಗೆ ಬೇಗ ಬರುವುದಕ್ಕೆ ನಿಯಮದ ಅಡ್ಡಿಯಿರಲಿಲ್ಲ.

ಎಂಟಕ್ಕೆ ಇನ್ನೂ ಹದಿನಾರು ಜನ ಬಂದರು. ಒಬ್ಬರಿಗೆ ಕಾಫಿ ಕೊಟ್ಟು ಉಳಿದವರಿಗೆ ಇಲ್ಲ ಎನ್ನಲು ಗೀತಾಳಿಗೆ ಬಾಯಿ ಬರಲಿಲ್ಲ. ಕೊಟ್ಟಳು. ಪ್ರತಿ ಲೋಟದ ಜೊತೆಗೂ ಅದೇ ಮಾತು ಹೊರಬಿತ್ತು.

"ಬರೀ ಕಾಫಿ ಕೊಡೇ, ಪ್ಲೀಸ್! ಮಾತಾಡ್ಬೇಡ," ಎಂದು ಗಂಗಾಧರ ಗೋಗರೆದ.

"ಹ್ಯಾಬಿಟ್ ಕಣ್ರೀ! ಬಾಯಿಗೆ ತಾನಾಗೇ ಬರತ್ತೆ."

ಒಂಬತ್ತಕ್ಕೆ ಹದಿನೇಳು ಮಾಲೀಕರೂ ಸಭೆ ಸೇರಿ, ಮನೆಯಲ್ಲಿ ಸಾಮಾನು ವಿಪರೀತವಾಗಿದೆ ಎಂದು ಸರ್ವಾನುಮತದಿಂದ ಠರಾವು ಮಾಡಿ, ಎಲ್ಲವನ್ನೂ ಗ್ಯಾರೇಜಿಗೆ ಸಾಗಿಸತೊಡಗಿದರು. ಗಂಗಾಧರ ಕೂತಿದ್ದ ಕುರ್ಚಿಯನ್ನು ಅವನನ್ನು ಕೇಳಿಯೇ ಎತ್ತಿದರು; ಶಿಸ್ತಿನ ಜನ. ಬಾಗಿಲಲ್ಲಿ ಬಿಟ್ಟಿದ್ದ ಅವನ ಶೂ ಕೂಡ ಹೋಯಿತು. ಫಿಲ್ಟರಿನ ಚೀಟಿಯನ್ನು ಯೋರಾನ್ ಕಿತ್ತರು.

"ಇದು ಹಿಂದಿನ ಮಾಲೀಕರ ಚೀಟಿ," ಎಂದರು.

ಅಜ್ಜಿ ಐವತ್ತು ವರ್ಷ ಅದರಲ್ಲಿ ಡಿಕಾಕ್ಷನ್ ಇಳಿಸಿದ್ದಳು. ಗೀತಾ ಫಿಲ್ಟರಿನ ಹಿಂದೆಯೇ ಓಡಿದರೆ, ಗ್ಯಾರೇಜಿನ ಬಾಗಿಲಲ್ಲಿ ಬಿರ್ಗಿಟ್ಟಾ ಅಡ್ಡ ನಿಂತು ಪ್ರಕಟಣೆ ತೋರಿಸಿದರು. ಬೇಗ ಬರುವವರಿಗೆ ಪ್ರವೇಶವಿಲ್ಲ.

"ಇದನ್ನ ಅಂಟಿಸಿದ್ದೇ ನಾವು!"

"ನೀಟಾಗಿ ಅಂಟಿಸಿದ್ದೀರಿ," ಎಂದು ಬಿರ್ಗಿಟ್ಟಾ ಮೆಚ್ಚಿ, ಅವಳ ಕೈಗೆ ಸರದಿ ಚೀಟಿ ಕೊಟ್ಟರು. ನಂಬರ್ ಇಪ್ಪತ್ತೆರಡು. ಇಪ್ಪತ್ತೊಂದು ಗಂಗಾಧರನದು, ಅವನಾಗಲೇ ಬರೀ ಸಾಕ್ಸಿನಲ್ಲಿ ಗ್ರಾಹಕರ ಸಾಲಿಗೆ ನಿಂತಿದ್ದ.

ಗೀತಾ ನಿಂತಲ್ಲೇ ಅತ್ತಳು. ಅಳುವವರನ್ನು ನೋಡುವುದು ಮರ್ಯಾದೆಯಲ್ಲವೆಂದು ಸಾಲಿನವರೆಲ್ಲ ಆಕಾಶ ನೋಡಿದರು. ಯೋರಾನ್ ಅವರಿಗೆ ಮಾತ್ರ ಕರುಳು ಚುರುಕ್ ಎಂದಿತು. ಒಂದು ಲೋಟ ಕಾಫಿ ತಂದು, ಅದೇ ಬೆಳಗ್ಗೆ ಕಲಿತ ಉಪಚಾರವನ್ನು ಒಪ್ಪಿಸಿದರು: "ಚಳಿಯಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಬನ್ನಿ. ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."

ಗೀತಾ ಕಣ್ಣೊರೆಸಿಕೊಂಡಳು.

"ಬಿರ್ಗಿಟ್ಟಾ, ಬರ್ಕೊಳ್ಳಿ," ಎಂದಳು.

ಬಿರ್ಗಿಟ್ಟಾ ಬರೆದುಕೊಂಡರು. ಹದಿನೆಂಟನೇ ಮಾಲೀಕಳು ಒಳಗೆ ಹೋಗಿ, ಫಿಲ್ಟರಿಗೆ ಹೊಸ ಚೀಟಿ ಅಂಟಿಸಿ, ಕಂಕುಳಲ್ಲಿ ಅವುಚಿಕೊಂಡು, ಉಳಿದ ಮಾಲೀಕರ ಜೊತೆ ಮಾರಾಟದ ಮೇಜಿನ ಹಿಂದೆ ನಿಂತಳು.

ಸರಿಯಾಗಿ ಹತ್ತಕ್ಕೆ ಮಾರಾಟ ಶುರುವಾಯಿತು. ಗ್ರಾಹಕರೊಬ್ಬರೂ ಬೇಗ ಒಳಗೆ ಬಾರದ ಪ್ರಥಮ ಲೊಪ್ಪಿಸ್ ಇದೆಂದು ಸಂಘದ ಕಡತದಲ್ಲಿ ದಾಖಲಾಯಿತು. ಇಪ್ಪತ್ತೊಂದನೇ ನಂಬರಿನ ಗಂಗಾಧರ ಒಂದು ಜೊತೆ ಶೂ ಆರಿಸಿ ಚೌಕಾಸಿಗಿಳಿದ. ಗೀತಾ ಸ್ವಲ್ಪ ಕಡಿಮೆ ಮಾಡಿ ಕೊಟ್ಟಳು.

"ಸೈಜ್ ಕರೆಕ್ಟಾಗಿದೆ ಕಣೇ," ಎಂದ ಅವನು, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. "ನಂಗೇ ಮಾಡಿಸಿದ ಹಾಗಿದೆ."