ಅಲಮಾರಿಯೊಳಗಿನ ದಿಲ್ಲಿ ಗ್ಲೋಬು

ಔರಾದ ತಾಲೂಕಿನ ಡಾಬಕಾ ಕಡೆಯ ಒಂದು ಸಣ್ಣ ಸರ್ಕಾರಿ ಶಾಲೆಯ ಮೇಷ್ಟ್ರು ನಾನು. ದಿಲ್ಲಿ ಮನಸ್ಸು ಬದಲಿಸಿದಾಗಲೆಲ್ಲ ನಮ್ಮಲ್ಲಿ ಒಂದಿಲ್ಲೊಂದು ಫಜೀತಿ. ದಿಲ್ಲಿ ಎಂದರೆ ಊರಲ್ಲ, ಕೇಂದ್ರ ಸರ್ಕಾರ, ಮೊದಲೇ ಹೇಳಿಬಿಡುತ್ತೇನೆ. ಅದು ಮೊದಲು ಸಾಮಾನು ಕಳಿಸುತ್ತಿತ್ತು, ಆಮೇಲೆ ಊಟಕ್ಕೆ ಅಕ್ಕಿ ಕಳಿಸಿತು, ಈಗ ದಿನಕ್ಕೊಂದು ಪ್ರಶ್ನೆ ಕಳಿಸುತ್ತದೆ.

೧. ಗಾಜಿನ ಹಿಂದೆ

ಸಾಮಾನಿನ ಕಾಲದಲ್ಲಿ ಬಂದ ಗ್ಲೋಬನ್ನು ನಮ್ಮ ಹೆಡ್‌ಮಾಸ್ತರರು ಗಾಜಿನ ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದರು. "ಮುರಿದ್ರ ದಿಲ್ಲಿಗಿ ಏನಂತ ಜವಾಬ್ ಕೊಡ್ಲಿರಿ?" ಎನ್ನುತ್ತಿದ್ದರು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಬೇಕು, ಅಷ್ಟೇ.

ಒಂದು ದಿನ ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಬರೀ ಅಮೆರಿಕಾನೇ ಕಾಣ್ತದ. ನಮ್ಮ ದೇಶ ಎಲ್ಲದರಿ?"

"ಹಿಂದಿನ ಮಗ್ಗಲಿಗಿ ಅದವಾ," ಎಂದೆ ನಾನು.

"ತಿರುಗಸ್ರಿ ಮತ್ತ."

ಹೆಡ್‌ಮಾಸ್ತರರು ಜೇಬಿನ ಕೀಲಿಯನ್ನು ಗಟ್ಟಿಯಾಗಿ ಹಿಡಿದು, "ದೇಶ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂದ್ರು!" ಎಂದರು.

೨. ಕುಂತರೂ ಇಲ್ಲ

ಈ ಹುಡುಗಿಯನ್ನು ನೆನಪಿಡಿ, ಮುಂದಿನದೆಲ್ಲ ಅವಳದೇ. ಮರುವರ್ಷ ಮಳೆ ಕೈಕೊಟ್ಟಿತು. ಅವಳ ಅಪ್ಪ-ಅವ್ವ ಗುಳೇ ಹೊರಟರು, ಅಂದರೆ ಗಡಿಯಾಚೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಅವಳನ್ನೂ ಒಯ್ದು ಅಲ್ಲಿನ ಶಾಲೆಯಲ್ಲಿ ಎರಡು ತಿಂಗಳು ಕೂರಿಸಿದರು. ತಿರುಗಿ ಬಂದಾಗ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಸೀಟು ಸಿಗುವಂತಿತ್ತು; ಸಿಕ್ಕರೆ ಅಪ್ಪ-ಅವ್ವ ಗುಳೇ ಹೋದರೂ ಅವಳು ಅಲ್ಲೇ ಉಳಿದು ಓದಬಹುದು. ಸಿಗದಿದ್ದರೆ? "ಬರೋ ವರ್ಷ ಕೈಯಾಗ ಕೊಯ್ತಾನೇರಿ," ಎಂದಳು ಅವಳವ್ವ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ.

ಹುಡುಗಿಯನ್ನು ಕರೆದುಕೊಂಡು ತಾಲೂಕಿನ ಶಿಕ್ಷಣ ಕಚೇರಿಗೆ ಓಡಿದೆ. ಗುಮಾಸ್ತರು ಕಂಪ್ಯೂಟರಿನಲ್ಲಿ ದಿಲ್ಲಿಯ ಮಕ್ಕಳ ಪಟ್ಟಿ ನೋಡಿ, "ಈಕಿ ಇಲ್ಲಿಲ್ರಿ, ಮಹಾರಾಷ್ಟ್ರದಾಗ ಅದಾಳ," ಎಂದರು.

"ನಿಮ್ಮ ಮುಂದೇ ಕುಂತಾಳಲ್ರೀ ಸಾಹೇಬ್ರ!"

"ಕುಂತಿರ್ಬಹುದು. ದಿಲ್ಲಿಗಿ ಕಾಣವಲ್ಲಳು."

೩. ಕೀಲಿ

ಒಂದು ಮಗುವಿಗೆ ಒಂದೇ ಶಾಲೆ. ಅಲ್ಲಿಯವರು ಕಂಪ್ಯೂಟರಿನಲ್ಲಿ ಬಿಟ್ಟುಕೊಡದೆ ಇಲ್ಲಿ ಹೆಸರು ಹತ್ತುವುದಿಲ್ಲ. ಸೀಟಿಗೆ ಶನಿವಾರವೇ ಕಡೆಯ ದಿನ. ಗುರುವಾರ ಆ ಶಾಲೆಯ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಮರಾಠಿ ಬೆರೆತ ಕನ್ನಡದಲ್ಲಿ, "ಬಿಡಂಗಿಲ್ರಿ. ಸೋಮವಾರ ತಪಾಸಣಿ ಅದ. ಸಾಮಾನಿನ ಪಟ್ಟಿಯಾಗಿನ ಗ್ಲೋಬ್ ಮೊದ್ಲೇ ಇಲ್ಲ, ಹುಡುಗಿನೂ ಇಲ್ಲಂದ್ರ ನಾ ಏನ್ ತೋರಿಸ್ಲಿ?" ಎಂದರು.

ಫೋನ್ ಹಿಡಿದೇ ಆ ಮಾತನ್ನು ಹೆಡ್‌ಮಾಸ್ತರರಿಗೆ ಹೇಳಿದೆ. ಹೆಡ್‌ಮಾಸ್ತರರು ಅಲಮಾರಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು. ನನ್ನ ಕೈಯಿಂದ ಫೋನ್ ಕಸಿದುಕೊಂಡು, "ಗ್ಲೋಬ್ ನಾ ತರ್ತೇನಿ, ಹುಡುಗಿನ ಬಿಡ್ರಿ!" ಎಂದುಬಿಟ್ಟರು.

ಶುಕ್ರವಾರ ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಗ್ಲೋಬ್ ಹುಡುಗಿಯ ತೊಡೆಯ ಮೇಲೆ. "ಸರ್, ನಮ್ಮ ದೇಶ ಸಿಕ್ತು!" ಎಂದು ಅವಳು ಕೂಗಿದ್ದಕ್ಕೆ ಕಂಡಕ್ಟರ್ ಬಸ್ಸನ್ನೇ ನಿಲ್ಲಿಸಿದ್ದ.

ಗ್ಲೋಬ್ ಅಲ್ಲಿ ಉಳಿಯಿತು. ಅವಳ ಹೆಸರು ಇಲ್ಲಿಗೆ ಬಂತು, ಸೀಟೂ ಸಿಕ್ಕಿತು. ಅವಳು ಟ್ರಂಕ್ ಹಿಡಿದು ಹೇಳಿ ಹೋಗಲು ಬಂದಾಗ, ಹೆಡ್‌ಮಾಸ್ತರರು ಸಾಮಾನಿನ ರಿಜಿಸ್ಟರ್ ಮುಂದೆ ತಲೆ ಹಿಡಿದು ಕೂತಿದ್ದರು. "ಗ್ಲೋಬ್ ಎಲ್ಲದ ಅಂತ ದಿಲ್ಲಿಯವರು ಕೇಳಿದ್ರ ಏನಂತ ಬರೀಲಿ?"

ಹುಡುಗಿ ಬಾಗಿಲಲ್ಲೇ ನಿಂತು ಹೇಳಿದಳು:

"ಗುಳೇ ಹೋಗ್ಯಾದ ಅಂತ ಬರೀರಿ ಸರ್. ಮಳಿ ಆದಮ್ಯಾಲ ಬರ್ತದ."